ಆರನೆಯ ಮಣಿಯ ಮೇಲಿನ ಉಬ್ಬು

ಉಬ್ಬು ನಿನ್ನೆಗಿಂತ ಇವತ್ತು ಕೊಂಚ ದೊಡ್ಡದಾಗಿದೆ ಎಂದು ಬುವಾಲೈಗೆ ಅನ್ನಿಸಿತು. ಕಲ್ಲಾಗಿಹೋದ ಮೂಳೆ ಬೆಳೆಯುವುದಿಲ್ಲ. ಅಂಟಿಗೆ ಕಲ್ಲಿನ ಪುಡಿ ಕಲಸಿ ಮೆತ್ತಿದ್ದಂತೂ ಬೆಳೆಯುವ ಮಾತೇ ಇಲ್ಲ. ಒಣಗಿದ ಹಾಗೆಲ್ಲ ಒಂದಿಷ್ಟು ಕುಗ್ಗಬೇಕು ಅಷ್ಟೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಮೆತ್ತಿದವಳು ಅವಳೇ. ಆದರೂ ಕಿಟಕಿಯ ಜಾಲರಿಯಿಂದ ಬಂದ ಎಂಟು ಗಂಟೆಯ ಬಿಸಿಲು ಮರಳುಚೀಲದ ಮೇಲೆ ಮಲಗಿದ್ದ ಬೆನ್ನುಮಣಿಯನ್ನು ಅಡ್ಡಲಾಗಿ ಸವರಿದಾಗ, ಉಳಿದೆಲ್ಲ ಭಾಗ ಮುಖ ಮರೆಸಿಕೊಂಡು ಅದೊಂದೇ ಎದ್ದು ಕೂತಂತೆ ಕಾಣುತ್ತಿತ್ತು. ಹೆಬ್ಬೆರಳಿನ ಉದ್ದ, ಎಡಕ್ಕೆ ವಾಲಿಕೊಂಡ ಒಂದು ಉಬ್ಬು. ಹನ್ನೊಂದು ಗಂಟೆಗೆ ಪ್ರಾಸಿತ್ ಮೇಷ್ಟ್ರು ಪಟ್ಟಣದಿಂದ ಬಂದು ಅದರ ಫೋಟೋ ತೆಗೆಯುತ್ತಾರೆ. ಸಂಜೆ ಅವರ ಪ್ರಬಂಧ ಸಮುದ್ರದಾಚೆಯ ಒಂದು ಪತ್ರಿಕೆಗೆ ಹೋಗುತ್ತದೆ. ಇಂಥ ಉಬ್ಬಿರುವ ಡೈನೋಸಾರ್ ಲೋಕದಲ್ಲಿ ಇನ್ನೆಲ್ಲೂ ಸಿಕ್ಕಿಲ್ಲವೆಂದೂ, ಆದ್ದರಿಂದ ಇದು ಹೊಸ ಜಾತಿಯೆಂದೂ, ಇದಕ್ಕೆ ನಾ ಸೋಮ್ ಎಂಬ ಈ ಊರಿನ ಹೆಸರನ್ನೇ ಇಟ್ಟಿದೆಯೆಂದೂ ಅದರಲ್ಲಿ ಬರೆದಿದೆ. ಹನ್ನೊಂದಕ್ಕೆ ಇನ್ನೂ ಮೂರು ಗಂಟೆ ಇತ್ತು. ಮೂರು ಗಂಟೆಯಲ್ಲಿ ಒಬ್ಬ ಹೆಂಗಸು ಒಂದು ವಾಕ್ಯ ಹೇಳಬಹುದು. ಹನ್ನೊಂದು ತಿಂಗಳಲ್ಲೂ ಹೇಳಬಹುದಿತ್ತು.

ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಲಾಮಯ್ ಅಕ್ಕ ಆಗಲೇ ಬಂದು ಮೂಲೆಯ ಹಲಗೆಯ ಮೇಲೆ ತಟ್ಟೆ ಇಟ್ಟಿದ್ದಳು. ಐದು ಜೊತೆ ಬಿಳಿ ಹೂ, ಐದು ಜೊತೆ ಸಣ್ಣ ಮೇಣದ ಬತ್ತಿ. ಫೂ ದೇಂಗ್ ಗುಡ್ಡದ ಬುಡದಲ್ಲಿ, ವಿಹಾರದ ಹಿಂದೆ, ಗುಡ್ಡದಲ್ಲಿ ಸಿಕ್ಕ ಮೂಳೆಗಳನ್ನು ಕಲ್ಲಿನಿಂದ ಬಿಡಿಸುವ ತಗಡಿನ ಮಾಡಿನ ಈ ಉದ್ದ ಕೋಣೆಯಲ್ಲಿ ಮೂಳೆಯನ್ನು ಯಾರೂ ಮೂಳೆ ಅನ್ನುವುದಿಲ್ಲ, ಮುತ್ತಜ್ಜ ಅನ್ನುತ್ತಾರೆ. ಹಾಗೆ ಕಲಿಸಿದವರು ದೊಡ್ಡ ಭಿಕ್ಕುಗಳು. ಮೊದಲ ಮೂಳೆ ಅವರ ಕನಸಿನಲ್ಲಿ ಬಂದು ಬೆನ್ನು ನೋಯುತ್ತಿದೆ ಎಂದು ದೂರಿತ್ತಂತೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಮುತ್ತಜ್ಜನ ಅಪ್ಪಣೆ ಕೇಳಬೇಕು, ಏಳುವಾಗ ಕ್ಷಮೆ ಕೇಳಬೇಕು. ಪ್ರಾಸಿತ್ ಮೇಷ್ಟ್ರು ಇದನ್ನೆಲ್ಲ ನಂಬುವುದಿಲ್ಲ; ಆದರೆ ಒಮ್ಮೆ ಕೈ ಮುಗಿಯದೆ ಅಗೆಯಲು ಹೋದ ದಿನ ಅವರ ಜೀಪಿನ ಎರಡು ಚಕ್ರ ಒಟ್ಟಿಗೇ ಒಡೆದಿದ್ದರಿಂದ, ಈಗ ಬಾಗಿಲಲ್ಲಿ ಎರಡು ಸೆಕೆಂಡು ಕೈ ಮುಗಿದು ನಿಲ್ಲುತ್ತಾರೆ. ಅವರು ಕೊಟ್ಟ ಇನ್ನೊಂದು ವ್ಯವಸ್ಥೆಯೂ ಇದೆ, ನೀಲಿ ರಟ್ಟಿನ ರಿಜಿಸ್ಟರು. ಯಾವ ಮೂಳೆಗೆ ಯಾವ ಅಂಟು, ಎಲ್ಲಿ ಬಿರುಕು, ಎಲ್ಲಿ ಮೆತ್ತಿದ್ದು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಬರೆಯುತ್ತಾರೆ ಕೂಡ, ನೆನಪಾದಾಗ. ಆದರೆ ಕೈ ತಪ್ಪಿ ಏನಾದರೂ ಆದರೆ ಅದನ್ನು ಹೇಳಿಕೊಳ್ಳಬೇಕಾದದ್ದು ಯಾರಿಗೆ ಏಟು ಬಿತ್ತೋ ಅವರ ಹತ್ತಿರ ತಾನೆ? ರಿಜಿಸ್ಟರಿಗೆ ಏನೂ ನೋವಾಗಿರುವುದಿಲ್ಲ. ಬುವಾಲೈ ಅವತ್ತು ಮುತ್ತಜ್ಜನ ಎದುರು ಮಂಡಿಯೂರಿ, ಹೊಸ ಹೂ ಇಟ್ಟು, ಆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿ, ಮೂರು ಸಲ ಹಣೆ ನೆಲಕ್ಕೆ ಹಚ್ಚಿದ್ದಳು. ಅಲ್ಲಿಗೆ ವಿಷಯ ಮುಗಿಯಿತು ಅಂದುಕೊಂಡಿದ್ದಳು. ಮುತ್ತಜ್ಜ ಏನೂ ಅನ್ನಲಿಲ್ಲ. ಹದಿಮೂರು ಕೋಟಿ ವರ್ಷ ಸುಮ್ಮನಿದ್ದವರು ಅವಳೊಬ್ಬಳಿಗೋಸ್ಕರ ಬಾಯಿ ಬಿಡುತ್ತಾರೆಯೆ?

“ಮುತ್ತಜ್ಜಾ, ಚುಚ್ತೀವಿ, ಕೆರೀತೀವಿ, ತಪ್ಪು ತಿಳ್ಕೋಬೇಡಿ,” ಎಂದು ಲಾಮಯ್ ಎಂದಿನಂತೆ ಒಂದೇ ಉಸಿರಿನಲ್ಲಿ ಹೇಳಿ, ತನ್ನ ಮೇಜಿನ ಮೇಲಿದ್ದ ಆಮೆಚಿಪ್ಪಿನ ಕಡೆ ತಿರುಗಿದಳು. “ಏನೇ, ಬಂದಾಗ್ಲಿಂದ ಅದನ್ನೇ ನೋಡ್ತಾ ನಿಂತಿದೀಯ. ಇವತ್ತು ನಿನ್ ಗಂಡನ ಫೋಟೋ ತೆಗೀತಾರೆ ಅಂತ ನಾಚ್ಕೆನಾ?”

“ಬೆನ್ನುಮೂಳೇನ ಯಾರಾದ್ರೂ ಮದ್ವೆ ಆಗ್ತಾರಾ ಅಕ್ಕ?”

“ನಮ್ಮನೇದಕ್ಕಿಂತ ವಾಸಿ ಬಿಡು. ಇದಕ್ಕೆ ಬೆನ್ನುಮೂಳೆ ಆದ್ರೂ ಇದೆ.”

ಬುವಾಲೈ ನಗಬೇಕಾದಷ್ಟು ನಕ್ಕಳು. ಮೂವತ್ತೊಂದು ವರ್ಷಕ್ಕೆ ಇಂಥ ಮಾತಿಗೆ ಎಷ್ಟು ನಗಬೇಕು ಎಂಬ ಅಂದಾಜು ಬಂದಿರುತ್ತದೆ. ಕುಂಚ ತೆಗೆದುಕೊಂಡು ಮಣಿಯ ಮೇಲಿನ ಇಲ್ಲದ ಧೂಳನ್ನು ಒರೆಸತೊಡಗಿದಳು. ಹೋದ ವರ್ಷ ಮಳೆ ಹಿಡಿಯುವ ಮೊದಲು, ಇದೇ ಮೇಜು, ಇದೇ ಮರಳುಚೀಲ. ಅಜ್ಜಿಯನ್ನು ಸುಟ್ಟು ಮೂರು ದಿನವಾಗಿತ್ತು. ಮನೆಯಲ್ಲಿ ಕೂತರೆ ಬಂದವರೆಲ್ಲ ಎಂಬತ್ತೆಂಟು ಒಳ್ಳೆಯ ವಯಸ್ಸು ಅನ್ನುತ್ತಿದ್ದರು. ಅಷ್ಟು ಜನಕ್ಕೆ ಹೌದು ಅನ್ನುವುದಕ್ಕಿಂತ ಕೆಲಸವೇ ಹಗುರ ಎಂದು ಬಂದುಬಿಟ್ಟಿದ್ದಳು. ಗಾಳಿಯ ಒತ್ತಡಕ್ಕೆ ನಡುಗುವ ಸೂಜಿ ಕೈಯಲ್ಲಿ, ಕೆಂಪು ಹೂಳುಗಲ್ಲು ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಆಗ ಮಣಿಯ ಮುಳ್ಳಿನ ಎಡ ಮಗ್ಗುಲಲ್ಲಿ ಸೂಜಿ ಸರಕ್ಕನೆ ಒಳಗಿಳಿದು, ಜಾರಿ, ಒಂದು ತುಣುಕು ಹಾರಿ ಎಲ್ಲೋ ಬಿತ್ತು. ನೋಡಿದರೆ ತೂತು. ಕಿರುಬೆರಳಿನ ತುದಿ ಹೋಗುವಷ್ಟು. ಆರು ವರ್ಷದ ಕೆಲಸದಲ್ಲಿ ಒಂದು ಮೀನಿನ ಹುರುಪೆಯನ್ನೂ ಅವಳು ಮುರಿದಿರಲಿಲ್ಲ. ಮೊಸಳೆಯ ಹಲ್ಲನ್ನು ಅಕ್ಕಿಕಾಳಿನಂತೆ ಬಿಡಿಸಿ ತೆಗೆದವಳು. ಆಚೀಚೆ ನೋಡಿದಳು. ಲಾಮಯ್ ಸಂತೆಗೆ ಹೋಗಿದ್ದಳು. ಅಂಟು ತೆಗೆದು, ನೆಲದಲ್ಲೇ ಬಿದ್ದಿದ್ದ ಕೆಂಪು ಪುಡಿಯನ್ನು ಕಲಸಿ, ಒತ್ತಿ, ತೂತು ಮುಚ್ಚಿದಳು. ಮುಚ್ಚಿದಮೇಲೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ಹೆಬ್ಬೆರಳು ತಾನಾಗಿಯೇ ಮೇಲಿಂದ ಕೆಳಕ್ಕೆ ಸವರುತ್ತಾ ಹೋಯಿತು, ಒಂದು ಸಲ, ಹತ್ತು ಸಲ, ಹಸಿ ಅಂಟು ಬೆರಳಿಗೆ ಒಲಿದು ಎಡಕ್ಕೆ ವಾಲಿ ಏಳುವ ತನಕ.

ಅಜ್ಜಿಯ ಬೆನ್ನಿನಲ್ಲಿ ಮೇಲಿನಿಂದ ಮೂರನೆಯ ಗಂಟು ಹಾಗೆ ಎಡಕ್ಕೆ ವಾಲಿತ್ತು. ಹುಡುಗಿಯಾಗಿದ್ದಾಗ ಎಮ್ಮೆಗಾಡಿಯಿಂದ ಬಿದ್ದದ್ದಂತೆ. ಕೊನೆಯ ಮೂರು ತಿಂಗಳು ಪ್ರತಿ ಸಂಜೆ, ಅಂಟಕ್ಕಿ ಅನ್ನದ ಬುಟ್ಟಿ ಮುಚ್ಚಿಟ್ಟ ಮೇಲೆ, ಅಜ್ಜಿ ಚಾಪೆಯ ಮೇಲೆ ಬೋರಲಾಗಿ ಮಲಗುತ್ತಿದ್ದಳು, ಬುವಾಲೈ ಕರ್ಪೂರದ ಮುಲಾಮು ಹಚ್ಚಿ ಒಂದೊಂದೇ ಗಂಟು ತಡವಿ ಇಳಿಯುತ್ತಿದ್ದಳು. ಅಜ್ಜಿ ದಿಂಬಿನೊಳಗೆ ಮಾತಾಡುತ್ತಿದ್ದಳು. ಫೂ ದೇಂಗ್ ಇರುವ ಜಾಗದಲ್ಲಿ ಮೊದಲು ಒಂದು ನದಿ ಮಲಗುತ್ತಿತ್ತಂತೆ. ಮಲಗಿದಲ್ಲೇ ಹೊರಳುತ್ತಿತ್ತಂತೆ, ಹೊರಳಿದಾಗೆಲ್ಲ ದಂಡೆಯ ಪ್ರಾಣಿಗಳು ಅಡಿಗೆ ಸಿಕ್ಕುತ್ತಿದ್ದವಂತೆ. ಒಂದು ಬೆಳಿಗ್ಗೆ ನದಿ ಎದ್ದು ಹೋಯಿತು, ಹಾಸಿಗೆ ಮಡಿಚಿಡಲಿಲ್ಲ. ಮಡಿಚದ ಹಾಸಿಗೆ ಮೇಲೆ ಮಲಗಿದವರಿಗೆ ಕೆಟ್ಟ ಕನಸು ಬೀಳತ್ತೆ, ಅದಕ್ಕೇ ನೋಡು ಆ ಭಿಕ್ಕುಗಳಿಗೆ ಬಿದ್ದದ್ದು, ಅನ್ನುವಳು. ಮೇಷ್ಟ್ರು ಇದನ್ನೇ ಬೇರೆ ಮಾತಿನಲ್ಲಿ ಹೇಳಿಕೊಟ್ಟಿದ್ದರು: ಸಾವೋ ಖುವಾ ಪದರ, ಕೆಂಪು ಹೂಳುಗಲ್ಲು, ನಡುನಡುವೆ ಮರಳುಗಲ್ಲು, ದಿಕ್ಕು ಬದಲಿಸುತ್ತಾ ಹರಿದ ನದಿ, ಉಕ್ಕಿ ಬಯಲಿಗೆ ಬಂದ ಕೆಸರು. ಅಜ್ಜಿಗೆ ಹೇಳಿದರೆ, ಅಷ್ಟು ಓದಿ ಕೊನೆಗೆ ಇಷ್ಟೇನಾ, ಅಂದಿದ್ದಳು. ಆ ಕೊನೆಯ ಸಂಜೆ ಬುವಾಲೈಯ ಮನಸ್ಸು ಮೇಜಿನ ಮೇಲಿದ್ದ ಒಂದು ಹಟಮಾರಿ ಕಲ್ಲಿನ ಮೇಲಿತ್ತು. ಹೆಬ್ಬೆರಳು ಮೂರನೆಯ ಗಂಟಿನ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಊರಿತು. ಏನೋ ಸಣ್ಣಗೆ ಲಟಕ್ಕೆಂದಿತು, ಅಥವಾ ಅನ್ನಲಿಲ್ಲ. “ಅಯ್ಯಮ್ಮಾ, ನಿಧಾನ ಕಣೇ. ನಾನಿನ್ನೂ ಕಲ್ಲಾಗಿಲ್ಲ,” ಅಂದಳು ಅಜ್ಜಿ, ನಗುತ್ತಲೇ. ಬೆಳಿಗ್ಗೆ ಏಳಲಿಲ್ಲ. ಎಂಬತ್ತೆಂಟು ಒಳ್ಳೆಯ ವಯಸ್ಸು. ಯಾರೂ ಏನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಸುಟ್ಟ ಮಾರನೆಯ ದಿನ ಬೂದಿಯಲ್ಲಿ ಮೂಳೆ ಆರಿಸುವಾಗ, ಆ ಎಡಕ್ಕೆ ವಾಲಿದ್ದಕ್ಕಾಗಿ ಹುಡುಕಿದಳು. ಚೂರು ನೋಡಿ ಇಡೀ ಪ್ರಾಣಿ ಹೇಳಬಲ್ಲವಳು ಅಂತ ಊರೆಲ್ಲ ಅವಳ ಕಡೆಗೇ ತಟ್ಟೆ ಚಾಚಿತ್ತು. ಸಿಗಲಿಲ್ಲ. ಎಲ್ಲವೂ ಬಿಳಿ ಪುಡಿ, ಒಂದೇ ತರದ ಪುಡಿ. ಅವಳು ಏನೋ ಒಂದನ್ನು ಎತ್ತಿ, ಇದು ಭುಜ, ಅಂದಳು. ಎಲ್ಲರೂ ತಲೆದೂಗಿದರು.

ಹಾಗಾಗಿ ಮೂರು ವಾರದ ಹಿಂದೆ ಪ್ರಾಸಿತ್ ಮೇಷ್ಟ್ರು ಮಣಿಗಳನ್ನು ಸಾಲಾಗಿ ಜೋಡಿಸಿಕೊಂಡು, ಒಂದೊಂದರ ಮೇಲೂ ಬೆರಳಾಡಿಸುತ್ತಾ ಬಂದು, ಆರನೆಯದರ ಮೇಲೆ ಬೆರಳು ನಿಲ್ಲಿಸಿದಾಗ, ಬುವಾಲೈಗೆ ಯಾರೋ ಅಜ್ಜಿಯ ರವಿಕೆ ಎತ್ತಿದಂತಾಗಿತ್ತು. ಮೇಷ್ಟ್ರು ಕನ್ನಡಕ ತೆಗೆದರು, ಹಾಕಿಕೊಂಡರು. ಭೂತಗನ್ನಡಿ ತರಿಸಿದರು. “ಇದೇನಿದು?” ಅಂದರು. ಅದು ಪ್ರಶ್ನೆಯೇ ಆಗಿತ್ತು, ಉತ್ತರ ಹೇಳಬಹುದಾದ ಪ್ರಶ್ನೆ. ಕೋಣೆಯಲ್ಲಿ ಉತ್ತರ ಗೊತ್ತಿದ್ದವಳು ಒಬ್ಬಳಿದ್ದಳು. ಆದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರೇ ಉತ್ತರ ಹೇಳತೊಡಗಿದರು, ಕತ್ತಿನ ಸ್ನಾಯು ಹಿಡಿಯುವುದಕ್ಕೆ ಬೆಳೆದಿರಬೇಕು, ಇಷ್ಟು ಭಾರದ ಕುತ್ತಿಗೆಗೆ ಬೇಕಾಗಿತ್ತು, ಬೇರೆ ಯಾವ ದೇಶದ್ದರಲ್ಲೂ ಇಲ್ಲ. ಐವತ್ತೆಂಟರ ಅವರ ಮುಖ ಪತಂಗ ಸಿಕ್ಕಿದ ಮಗುವಿನ ಹಾಗೆ ಹೊಳೆಯುತ್ತಿತ್ತು. ಅಂಥ ಮುಖವನ್ನು ಆರಿಸುವುದು ಅವಳಿಂದ ಆಗಲಿಲ್ಲ. ನಾಳೆ ಹೇಳೋಣ ಅಂದುಕೊಂಡಳು. ನಾಳೆ ಅವರು ಪಟ್ಟಣಕ್ಕೆ ಹೋದರು. ನಾಡಿದ್ದು ಹೊರದೇಶದ ಇಬ್ಬರು ವಿದ್ವಾಂಸರು ಅವರು ಫೋನಿನಲ್ಲಿ ತೆಗೆದು ಕಳಿಸಿದ ಫೋಟೋ ನೋಡಿ ಒಪ್ಪಿದರೆಂದು ಸುದ್ದಿ ಬಂತು. ಇಬ್ಬರು ಒಪ್ಪಿದಮೇಲೆ ಬುವಾಲೈಗೂ ಒಂದು ಗಳಿಗೆ ಸಂಶಯ ಬಂದದ್ದುಂಟು: ತಾನು ಮೆತ್ತಿದ್ದೇನೋ ನಿಜ, ಆದರೆ ಅಡಿಯಲ್ಲಿ ಮೊದಲೇ ಹಾಗೆ ಇದ್ದರೆ?

ಅಷ್ಟರಲ್ಲಿ ಊರು ಕೈ ಹಾಕಿತು. ಊರ ಮುಖಂಡ ಥಾವಿನ್ ದಿನಾ ಬೆಳಿಗ್ಗೆ ಆರಕ್ಕೆ ಕಂಬದ ಧ್ವನಿವರ್ಧಕದಲ್ಲಿ, ಲಸಿಕೆಯ ವಿಷಯಕ್ಕೂ ನಾಯಿ ಕಟ್ಟುವ ವಿಷಯಕ್ಕೂ ನಡುವೆ, ಮುತ್ತಜ್ಜನ ಬೆನ್ನಿನ ವಿಷಯ ಹೇಳತೊಡಗಿದ. ನಾ ಸೋಮ್‌ಗೆ ತಿರುಗುವ ರಸ್ತೆಯ ಬಾಯಲ್ಲಿ ಸಿಮೆಂಟಿನ ಪ್ರಾಣಿ ನಿಂತಿತು. ಮಾಡಿದವನು ವಿಹಾರದ ಮೆಟ್ಟಿಲಿಗೆ ನಾಗ ಮಾಡುವ ಕಸುಬಿನವ. ಹಾಗಾಗಿ ಪ್ರಾಣಿಗೆ ನಾಗನ ಹುರುಪೆ, ನಾಗನ ಕಿರುನಗೆ, ತಲೆಯ ಮೇಲೆ ಒಂದು ಸಣ್ಣ ಜುಟ್ಟು. ಆದರೆ ಉಬ್ಬನ್ನು ಮಾತ್ರ ಅವನು ಮೇಷ್ಟ್ರ ಫೋಟೋ ನೋಡಿಕೊಂಡು ಶ್ರದ್ಧೆಯಿಂದ ಮಾಡಿದ್ದ. ನೀರಿನ ಹಂಡೆಯಷ್ಟು ದೊಡ್ಡದು, ಎಡಕ್ಕೆ ವಾಲಿದ್ದು, ಚಿನ್ನದ ಬಣ್ಣ ಬಳಿದದ್ದು. ದಿನಾ ಬೆಳಿಗ್ಗೆ ಬುವಾಲೈ ತನ್ನ ಬೈಕಿನಲ್ಲಿ ಅದರ ಕೆಳಗೆ ಹಾದು ಬರುತ್ತಿದ್ದಳು. ಎಂಬತ್ತೆಂಟು ವರ್ಷ ಒಬ್ಬಳು ಯಾರಿಗೂ ಕಾಣದ ಹಾಗೆ ಮುಚ್ಚಿಕೊಂಡು ಓಡಾಡಿದ ಬೆನ್ನು, ಈಗ ಹೆದ್ದಾರಿಯ ಲಾರಿಗಳಿಗೂ ಕಾಣುತ್ತಿತ್ತು. ಕಬ್ಬಿನ ಲಾರಿಯವರು ಅದಕ್ಕೆ ಹಾರನ್ ಹೊಡೆದು ಕೈ ಮುಗಿಯುತ್ತಿದ್ದರು.

“ಲಾಮಯ್ ಅಕ್ಕ,” ಅಂದಳು ಬುವಾಲೈ, ಕುಂಚ ಕೆಳಗಿಟ್ಟು. “ಒಬ್ಳು ಒಂದು ತಪ್ಪು ಮಾಡಿ, ಅದನ್ನ ಬೇರೆಯೋರು ಒಳ್ಳೇದು ಅಂದ್ಕೊಂಡ್ರೆ, ಅದು ತಪ್ಪೇನಾ?”

ಲಾಮಯ್ ಆಮೆಚಿಪ್ಪಿನಿಂದ ತಲೆ ಎತ್ತಲಿಲ್ಲ. “ನಂಗೆ ಮದ್ವೆ ಮಾಡಿಸ್ದೋರ ಹತ್ರ ಕೇಳು.”

“ತಮಾಷೆ ಅಲ್ಲ ಅಕ್ಕ.”

“ನಾನೂ ತಮಾಷೆ ಮಾಡ್ಲಿಲ್ಲ.” ಆಮೇಲೆ ಚಿಪ್ಪಿನ ಮೇಲಿನ ಪುಡಿ ಊದಿ, “ಏನ್ ಒಡ್ದೆ?” ಅಂದಳು.

ಎಷ್ಟು ಸುಲಭವಾಗಿ ಕೇಳಿದಳು. ಲೋಟವೋ ತಟ್ಟೆಯೋ ಅನ್ನುವ ಹಾಗೆ. ಬುವಾಲೈ ಬಾಯಿ ತೆರೆದಳು. ಆಗಲೇ ಬಾಗಿಲ ಹೊರಗೆ ಬೈಕು ನಿಂತು, ಮುಖಂಡ ಥಾವಿನ್ ಚಪ್ಪಲಿ ಬಿಟ್ಟು ಒಳಗೆ ಬಂದ. ರೇಷ್ಮೆಯ ಅಂಗಿ ಹಾಕಿದ್ದ, ಫೋಟೋದಲ್ಲಿ ತಾನೂ ಬರಬಹುದೆಂದು. ಕೈಯಲ್ಲಿ ಮಕ್ಕಳ ಪೌಡರಿನ ಡಬ್ಬಿ.

“ಅಕ್ಕ ತಂಗೀರಿಗೆ ನಮಸ್ಕಾರ. ಮೇಷ್ಟ್ರು ಬರೋಕ್ಕೆ ಮುಂಚೆ ಒಂದೇ ಒಂದ್ ಚಿಟಿಕೆ ಅದಕ್ಕೆ ಹಚ್ತೀನಿ. ನಾಳಿದ್ದು ಲಾಟ್ರಿ. ಪೌಡರ್ ಸವರಿದ್ರೆ ಉಬ್ಬಿನ ಮೇಲೆ ನಂಬರ್ ಮೂಡತ್ತೆ ಅಂತ ಎಲ್ರೂ ಹೇಳ್ತಿದಾರೆ.”

“ಪೌಡರ್ ಹಚ್ಚಿದ್ರೆ ಮೇಷ್ಟ್ರು ನಮ್ಮನ್ನ ಹೆಚ್ತಾರೆ,” ಅಂದಳು ಲಾಮಯ್. “ಕಣ್ಣಲ್ಲೇ ನೋಡಪ್ಪ, ನೋಡೋದಕ್ಕೆ ಕಾಸು ಕೊಡ್ಬೇಕಿಲ್ಲ.”

ಥಾವಿನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ನೋಡಿದ. ಅವನ ಮೂಗಿಗೂ ಉಬ್ಬಿಗೂ ನಾಲ್ಕು ಬೆರಳು ಅಂತರ. “ಏಳು ಕಾಣ್ಸತ್ತೆ,” ಅಂದ. “ಏಳೋ ಒಂದೋ. ಬುವಾಲೈ, ನೀನೇ ಹೇಳು, ಇದನ್ನ ಮೊದ್ಲು ಮುಟ್ದೋಳು ನೀನು. ಏಳಾ, ಒಂದಾ?” ಆಮೇಲೆ ತಿರುಗಿ, ತೀರಾ ಮೆಲ್ಲಗೆ, ಧ್ವನಿವರ್ಧಕದಲ್ಲಿ ಯಾರೂ ಕೇಳಿರದ ದನಿಯಲ್ಲಿ ಅಂದ: “ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ ಕಣೇ. ನನ್ ಮಗ್ಳು ಶಾಲೇಲಿ ನಮ್ಮೂರು ತೋರ್ಸು ಅಂದ್ರೆ ಪಕ್ಕದೂರು ತೋರಿಸಿ ಬಂದ್ಲು. ಇನ್ಮೇಲೆ ಹಂಗಿಲ್ಲ.” ಬುವಾಲೈ, ಒಂದು, ಅಂದಳು. ಅವನು ಅಂಗೈಯಲ್ಲಿ ಬರೆದುಕೊಂಡ.

ಮೇಷ್ಟ್ರು ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದರು. ಬಾಗಿಲಲ್ಲಿ ಎರಡು ಸೆಕೆಂಡು ನಿಂತರು. ಕಪ್ಪು ಬಟ್ಟೆ ಹಾಸಿ, ಅಳತೆಪಟ್ಟಿ ಇಟ್ಟು, ಕ್ಯಾಮೆರಾ ಮೂರು ಕಾಲಿನ ಮೇಲೆ ನಿಲ್ಲಿಸಿದರು. ದೀಪ ಹಿಡಿಯುವ ಕೆಲಸ ಬುವಾಲೈಗೆ ಬಿತ್ತು. ಥಾವಿನ್ ಗೋಡೆಗೊರಗಿ, ಫೋಟೋಕ್ಕೆ ಕರೆದರೆ ಇರಲಿ ಎಂದು ಕ್ರಾಪು ಸರಿಮಾಡಿಕೊಂಡು ನಿಂತ.

“ಮೇಷ್ಟ್ರೇ, ಒಂದು ಮಾತು,” ಅಂದಳು ಬುವಾಲೈ.

“ಹೆಸರಿನ ವಿಷಯ ತಾನೆ? ಹಾಕಿದೀನಮ್ಮ, ಹಾಕಿದೀನಿ.” ಅವರು ಫೋನು ತೆಗೆದು ತೋರಿಸಿದರು. ಕೊನೆಯ ಪುಟ, ಕೊನೆಯ ಸಾಲು, ಜೀಪಿನ ಚಾಲಕನ ನಂತರ. “ನಿಂದೂ ಲಾಮಯ್‌ದೂ. ‘ಅತ್ಯಂತ ಎಚ್ಚರಿಕೆಯ ಕೈಕೆಲಸಕ್ಕಾಗಿ’ ಅಂತ ಬರ್ದಿದೀನಿ. ಕಾಗುಣಿತ ಸರಿ ಇದ್ಯಾ ನೋಡ್ಬಿಡು.”

ಹೊರದೇಶದ ಲಿಪಿಯಲ್ಲಿ ತನ್ನ ಹೆಸರನ್ನು ಅವಳು ಒಂದೊಂದೇ ಅಕ್ಷರ ನೋಡಿದಳು. ಸರಿ ಇದೆ, ಅಂದಳು. ನಿಜವಾಗಿಯೂ ಸರಿಯಿತ್ತು. ಎಚ್ಚರಿಕೆಯ ಕೈಕೆಲಸ ಅನ್ನುವುದು ಕೂಡ ಸುಳ್ಳಲ್ಲ. ಅಷ್ಟು ಎಚ್ಚರಿಕೆಯಿಂದ ಅವಳು ಜೀವನದಲ್ಲಿ ಇನ್ನೇನನ್ನೂ ಮಾಡಿರಲಿಲ್ಲ. ಮೇಷ್ಟ್ರು ಕ್ಯಾಮೆರಾದ ಹಿಂದೆ ಬಗ್ಗಿದರು. “ದೀಪ ಕೆಳಗೆ. ಇನ್ನೂ ಕೆಳಗೆ. ನೆರಳು ಬೇಕು ನಂಗೆ. ನೆರಳಿಲ್ದಿದ್ರೆ ಉಬ್ಬು ಇದೆ ಅಂತ ದೂರದೋರು ನಂಬೋದು ಹೇಗೆ?” ಅವಳು ದೀಪ ಇಳಿಸಿದಳು. ನೆರಳು ಉದ್ದವಾಯಿತು. ದೀಪವನ್ನು ಒಂದು ಗೇಣು ಇಳಿಸಿದರೆ ಅಜ್ಜಿಯ ಗಂಟು ಮೂರು ಗೇಣು ಬೆಳೆಯುತ್ತಿತ್ತು. ಇನ್ನೂ ಇಳಿಸಿದರೆ ಗೋಡೆಗೆ ಏರಿ, ಥಾವಿನ್‌ನ ರೇಷ್ಮೆ ಅಂಗಿಗೆ ಏರಿ ನಿಂತಿತು. ಕ್ಲಿಕ್. ಕ್ಲಿಕ್. ಇದನ್ನು ಕೈ ಬಿಟ್ಟರೆ ಇನ್ನು ಎಲ್ಲಿಯೂ ಇಲ್ಲ, ಬೂದಿಯಲ್ಲೂ ಇಲ್ಲ, ಎಂದು ಅವಳಿಗೆ ಗೊತ್ತಿತ್ತು. ಇದನ್ನು ಉಳಿಸಿದರೆ ಸಾವಿರ ವರ್ಷ ಇರುತ್ತದೆ, ದೂರದೇಶದ ಮಕ್ಕಳು ಇದರ ಚಿತ್ರ ಬರೆದು ಅಂಕ ಪಡೆಯುತ್ತಾರೆ. ಆದರೆ ಅದರ ಕೆಳಗೆ ಬೇರೆ ಯಾರದ್ದೋ ಹೆಸರು, ಬೇರೆ ಯಾವುದೋ ಕತ್ತಿನ ಸ್ನಾಯು, ನಾನಿನ್ನೂ ಕಲ್ಲಾಗಿಲ್ಲ ಅಂದವಳು ಪೂರ್ತಿ ಕಲ್ಲಾಗಿರುತ್ತಾಳೆ. ಕೈ ನೋಯುತ್ತಿತ್ತು. ಬುವಾಲೈ ದೀಪವನ್ನು ಮೇಲಕ್ಕೆತ್ತಿ ಮಣಿಯ ನೆತ್ತಿಯ ಮೇಲೆ ನೇರವಾಗಿ ಹಿಡಿದಳು. ನೆರಳು ಮಾಯವಾಯಿತು. ಉಬ್ಬು ಇದ್ದೂ ಇಲ್ಲದ ಹಾಗೆ ಚಪ್ಪಟೆಯಾಯಿತು.

“ಕೆಳಗೆ ಅಂದ್ನಲ್ಲ.”

“ಅದು ಮೂಳೆ ಅಲ್ಲ ಮೇಷ್ಟ್ರೇ. ಅಂಟು. ಅಂಟೂ ಕಲ್ಲಿನ ಪುಡೀನೂ. ನಾನೇ ಮೆತ್ತಿದ್ದು, ಹೋದ್ವರ್ಷ. ಸೂಜಿ ಜಾರಿ ತೂತು ಬಿತ್ತು. ಮುಚ್ಚಿದೆ. ಮುಚ್ಚೋವಾಗ ಹಂಗೆ ಆಯ್ತು.”

ಕ್ಯಾಮೆರಾ ಅಭ್ಯಾಸಬಲದಿಂದ ಇನ್ನೊಂದು ಸಲ ಕ್ಲಿಕ್ ಅಂದಿತು. ಮೇಷ್ಟ್ರು ನಿಧಾನವಾಗಿ ನೆಟ್ಟಗಾದರು. ಲಾಮಯ್‌ಳ ಸೂಜಿಯ ಗುಯ್ ನಿಂತಿತು.

“ರಿಜಿಸ್ಟರಲ್ಲಿ ಇಲ್ವಲ್ಲ.”

“ಇಲ್ಲ.”

“ಯಾರಿಗೂ ಹೇಳ್ಲಿಲ್ವಾ?”

“ಹೇಳ್ದೆ. ಅವತ್ತೇ ಹೇಳ್ದೆ. ಕ್ಷಮೆ ಕೇಳ್ದೆ.”

“ಯಾರ ಹತ್ರ?”

ಬುವಾಲೈ ದೀಪ ಹಿಡಿಯದ ಕೈಯಿಂದ ಮಣಿಯನ್ನು ತೋರಿಸಿದಳು.

ಮೇಷ್ಟ್ರು ಮಣಿಯನ್ನು ನೋಡಿದರು, ಸಾಕ್ಷಿ ಕೇಳುವವರ ಹಾಗೆ. ಕುರ್ಚಿಗಾಗಿ ಹಿಂದಕ್ಕೆ ಕೈ ಚಾಚಿದರು. ಕುರ್ಚಿ ಅಲ್ಲಿರಲಿಲ್ಲ, ಲಾಮಯ್ ತಂದು ತಳ್ಳಿದಳು. “ಇಬ್ರು ದೊಡ್ಡ ದೊಡ್ಡ ವಿದ್ವಾಂಸರು ಒಪ್ಕೊಂಡಿದಾರೆ,” ಅಂದರು, ಯಾರಿಗೋ. “ನಾನು ನಲವತ್ತು ಪುಟ ಬರ್ದಿದೀನಿ. ಸ್ನಾಯು ಹೇಗೆ ಹಿಡ್ಕೋತಿತ್ತು ಅಂತ ಚಿತ್ರ ಬೇರೆ ಬರ್ಸಿದೀನಿ.” ಅವರ ಮುಖದಲ್ಲಿ ಕೋಪ ಬರಲು ಜಾಗ ಹುಡುಕುತ್ತಿತ್ತು, ಸದ್ಯಕ್ಕೆ ಅಲ್ಲಿ ಬೇರೇನೋ ಕೂತಿತ್ತು. ಗೋಡೆಯ ಹತ್ತಿರ ಥಾವಿನ್ ಒಂದು ಹೆಜ್ಜೆ ಮುಂದೆ ಬಂದ.

“ಮೇಷ್ಟ್ರೇ, ಅಲ್ಲಿ ಸಿಮೆಂಟು ಒಣಗಿಬಿಟ್ಟಿದೆ,” ಅಂದ. “ಚಿನ್ನದ ಬಣ್ಣ ಎರಡು ಸಲ ಬಳಿಸಿದೀನಿ,” ಎಂದು ಸೇರಿಸಿದ. ಆಮೇಲೆ ಬುವಾಲೈ ಕಡೆ ತಿರುಗಿ, ತಂಗಿಯನ್ನು ಬೇಡುವ ದನಿಯಲ್ಲಿ: “ಒಂದ್ಸಲ ಸರಿಯಾಗಿ ನೆನಪು ಮಾಡ್ಕೋ ಮಗಾ. ಅಜ್ಜಿ ಹೋದ ದುಃಖದಲ್ಲಿದ್ದೆ ನೀನು. ದುಃಖದಲ್ಲಿ ಏನೇನೋ ಮಾಡ್ದೆ ಅನ್ಸತ್ತೆ. ನಮ್ ಚಿಕ್ಕಮ್ಮ ಚಿಕ್ಕಪ್ಪನ್ನ ತಾನೇ ಕೊಂದೆ ಅಂತ ವರ್ಷಗಟ್ಲೆ ಅಂತಿದ್ಲು. ಅವ್ನು ಸತ್ತಿದ್ದು ಕಾಮಾಲೆಯಿಂದ.”

ಅವಳಿಗೆ ಒಂದು ಕ್ಷಣ ತಲೆ ಹಗುರವಾಯಿತು. ಹೌದು ಅನ್ನಬಹುದಿತ್ತು. ಎಲ್ಲರೂ ತಲೆದೂಗುತ್ತಿದ್ದರು, ಭುಜ ಅಂದಾಗ ತೂಗಿದ ಹಾಗೆಯೇ. ಅವಳು ದೀಪವನ್ನು ಲಾಮಯ್ ಕೈಗೆ ಕೊಟ್ಟು, ಹಲಗೆಯಿಂದ ಅಂಟು ಕರಗಿಸುವ ಅಸಿಟೋನ್ ಸೀಸೆ ಇಳಿಸಿ, ಹತ್ತಿ ಅದ್ದಿದಳು. ಮೂಗಿಗೆ ಆ ಉಗುರುಬಣ್ಣದ ಅಂಗಡಿಯ ವಾಸನೆ. ಮೇಷ್ಟ್ರು, ಕೊಡು ನಾನು ನೋಡ್ತೀನಿ, ಅಂದರು. ಬೇಡ, ಅಂದಳು. ಆರು ವರ್ಷದಲ್ಲಿ ಅವರಿಗೆ ಅವಳು ಅಂದ ಮೊದಲ ಬೇಡ ಅದು.

ಹತ್ತಿ ಇಟ್ಟು ಒತ್ತಿ ಹಿಡಿದು ಕಾಯಬೇಕು. ಉಜ್ಜಬಾರದು. ಮೊದಲ ಎರಡು ನಿಮಿಷ ಏನೂ ಆಗಲಿಲ್ಲ, ಥಾವಿನ್‌ನ ಮುಖ ಅರಳತೊಡಗಿತು. ಮೂರನೆಯದಕ್ಕೆ ಉಬ್ಬಿನ ತುದಿ ಬೆವರಿತು. ಅಂಚು ಮೆತ್ತಗಾಗಿ, ಬೆರಳ ಕೆಳಗೆ ಬೆಚ್ಚಗಿನ ಚರ್ಮದ ಹಾಗೆ ಜರುಗಿತು, ಆ ಒಂದು ಗಳಿಗೆ ಅದು ಎಷ್ಟು ಪರಿಚಿತವಾಗಿ ಮೆತ್ತಗಾಯಿತೆಂದರೆ ಬುವಾಲೈ ಕೈ ಹಿಂದೆ ತೆಗೆದುಕೊಂಡಳು. ಹೊಸ ಹತ್ತಿ ತೆಗೆದುಕೊಂಡಳು. ಈ ಸಲ ನಿಧಾನಕ್ಕೆ, ಬೇಕಾದ್ದಕ್ಕಿಂತ ಹಗುರಾಗಿ. ಕೆಂಪು ಹತ್ತಿಗಳು ತಟ್ಟೆಯಲ್ಲಿ ರಾಶಿಯಾದವು. ಎಡಕ್ಕೆ ವಾಲಿದ್ದು ನೆಟ್ಟಗಾಯಿತು, ನೆಟ್ಟಗಾದದ್ದು ತಗ್ಗಿತು, ತಗ್ಗಿದ್ದು ಇಲ್ಲವಾಯಿತು. ಹನ್ನೆರಡಕ್ಕೆ ಮೊದಲು ಅದೊಂದು ಸಾಮಾನ್ಯ ಮೂಳೆಯಾಗಿತ್ತು, ಇಂಥವು ಈ ಗುಡ್ಡದಲ್ಲೇ ನೂರಾರು ಇವೆ. ಥಾವಿನ್ ಅಂಗೈಯಲ್ಲಿ ಬರೆದುಕೊಂಡಿದ್ದ ಅಂಕಿಯನ್ನು ಒಮ್ಮೆ ನೋಡಿಕೊಂಡು, ಪೌಡರಿನ ಡಬ್ಬಿಯನ್ನು ಅಲ್ಲೇ ಮರೆತು, ಹೊರಗೆ ಹೋಗಿ ಬೈಕಿನ ಮೇಲೆ ಕೂತ. ಶುರು ಮಾಡಲಿಲ್ಲ.

“ಹೋದ್ವರ್ಷದಿಂದ ನೀನು ಮುಟ್ಟಿದ್ದು ಎಷ್ಟು ಮೂಳೆ?” ಅಂದರು ಮೇಷ್ಟ್ರು.

“ನೂರ ನಲವತ್ತು, ಮೇಷ್ಟ್ರೇ.”

“ಅಷ್ಟನ್ನೂ ಮತ್ತೆ ನೋಡ್ಬೇಕು ನಾನು. ಒಂದೊಂದನ್ನೂ. ಅಲ್ಲೀವರೆಗೂ ಸೂಜಿ ಮುಟ್ಬೇಡ. ಲೋಟ ತೊಳಿ, ಚೀಲ ಹೊಲಿ, ಸೂಜಿ ಮಾತ್ರ ಬೇಡ.” ಕೋಪಕ್ಕೆ ಕೊನೆಗೂ ಜಾಗ ಸಿಕ್ಕಿತ್ತು, ಆದರೆ ಅದು ಬಂದ ಹೊತ್ತಿಗೆ ದಣಿದಿತ್ತು. ಮಾತಾಡುತ್ತಲೇ ಅವರು ಮಣಿಯ ಮೇಲೆ ಬಗ್ಗಿದ್ದರು. ಅವರಿಗೆ ಬಗ್ಗದೆ ಇರಲು ಬರುವುದಿಲ್ಲ. ಮಾತು ನಡುವೆ ನಿಂತಿತು. “ದೀಪ,” ಅಂದರು. ಲಾಮಯ್ ತಂದಳು. “ಕೆಳಗೆ ಹಿಡಿ.”

ಉಬ್ಬು ಹೋದ ಜಾಗದಲ್ಲಿ ತೂತು ಬಾಯಿ ಬಿಟ್ಟಿತ್ತು. ಹನ್ನೊಂದು ತಿಂಗಳು ಅವಳ ನಿದ್ದೆಯಲ್ಲಿ ಬಾವಿಯಷ್ಟಾಗಿದ್ದದ್ದು. ಮೇಷ್ಟ್ರು ಭೂತಗನ್ನಡಿ ಇಟ್ಟು ನೋಡಿದರು, ಕಿರುಬೆರಳಿನ ತುದಿಯನ್ನು ಒಳಗಿಟ್ಟು ಸುತ್ತಿಸಿದರು.

“ಇದನ್ನ ನೀನು ಮಾಡಿದ್ದು ಅಂದ್ಯಾ?”

“ಸೂಜಿ ಜಾರ್ತು. ತುಣುಕು ಹಾರ್ತು.”

“ಹಾರಿದ್ದು ಕಲ್ಲು. ಒಳಗೆ ತುಂಬ್ಕೊಂಡಿದ್ದ ಕೆಸರು, ಬೆಣೆ ತರ ಕೂತಿತ್ತು, ಬಿಟ್ಕೊಂಡ್ತು. ಇಲ್ನೋಡು. ಹೊಸ್ದಾಗಿ ಮುರಿದ ಮೂಳೆ ಬೆಳ್ಳಗಿರತ್ತೆ. ಇದು ಗೋಡೆಯೆಲ್ಲ ಕೆಂಪಗಿದೆ, ಬಣ್ಣ ಒಳಗೇ ಇಳ್ದಿದೆ. ಅಂಚು ಗುಂಡಗಿದೆ. ಇದು ಹಲ್ಲು ಇಳಿದ ಗುರುತು ಕಣಮ್ಮ. ಮೊಸಳೆಯೋ ಇನ್ಯಾವ್ದೋ.” ಅವರು ಕನ್ನಡಕ ತೆಗೆದರು, ಹಾಕಿಕೊಂಡರು. ಇನ್ನೊಮ್ಮೆ ಮೋಸ ಹೋಗಬಾರದೆಂದು ಮುಖ ಗಟ್ಟಿ ಮಾಡಿಕೊಂಡಿದ್ದರು. “ನೀನು ಹುಟ್ಟೋಕ್ಕೆ ಮುಂಚಿನ ತೂತು ಇದು. ಗುಡ್ಡ ಹುಟ್ಟೋಕ್ಕೂ ಮುಂಚೆ. ಇದನ್ನ ಮುಚ್ಚೋಕೆ ಹೋಗಿ ಇಷ್ಟೆಲ್ಲ ಮಾಡಿದ್ಯಾ?”

ಬುವಾಲೈ ನೋಡಿದಳು. ಕೆಂಪಗೇ ಇತ್ತು. ಅಷ್ಟು ದಿನ ದಿನಾ ಅದರ ಮುಂದೆ ಕೂತಿದ್ದವಳು ಅದನ್ನು ನೋಡಿಯೇ ಇರಲಿಲ್ಲ. ಅವತ್ತು ನೋಡಿದ್ದು ಅರ್ಧ ನಿಮಿಷವೋ ಏನೋ, ಆಮೇಲೆಲ್ಲ ನೆನಪಿನಲ್ಲೇ ಅಗೆದು ಅಗಲ ಮಾಡಿದ್ದು. ಅವಳಿಗೆ ಅಳು ಬರಬಹುದೆಂದು ಲಾಮಯ್ ಹೆಗಲುವಸ್ತ್ರದ ತುದಿಯನ್ನು ಸಿದ್ಧಮಾಡಿಕೊಂಡಿದ್ದಳು. ಬರಲಿಲ್ಲ. ಅವಳು ಹತ್ತಿಯ ಒಣ ತುದಿಯಿಂದ ತೂತಿನ ಪಕ್ಕವನ್ನು ಇನ್ನೊಮ್ಮೆ ಒರೆಸಿದಳು. ಅಲ್ಲಿ ಏನೋ ಮಿನುಗಿತು.

“ಈ ಬಿಳೀ ಗೀರು?” ಅಂದರು ಮೇಷ್ಟ್ರು.

ತೂತಿನ ಅಂಚಿನಿಂದ ಹೊರಟ ಒಂದು ಗೆರೆ. ಎಳ್ಳುಕಾಳಿನಷ್ಟು ಉದ್ದ, ಕೂದಲಷ್ಟು ದಪ್ಪ. ಕೆಂಪಿನ ನಡುವೆ ಹೊಚ್ಚ ಹೊಸದಾಗಿ, ಬೆಳ್ಳಗೆ. ಸೂಜಿ ಜಾರಿ ನಿಂತ ಜಾಗ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ, ಸಾಕಷ್ಟು ಹೊತ್ತು ನೋಡಿದಳು. ಉಳಿದದ್ದನ್ನೂ ಒಮ್ಮೆ ನೋಡಿದಳು, ಇನ್ನೇನಾದರೂ ಇದೆಯೋ ಎಂದು. ಇರಲಿಲ್ಲ.

“ಅದು ನಂದು,” ಅಂದಳು, ವಿಹಾರದ ಮೆಟ್ಟಿಲ ಕೆಳಗಿನ ರಾಶಿಯಲ್ಲಿ ತನ್ನ ಚಪ್ಪಲಿ ಗುರುತಿಸಿದವಳ ಹಾಗೆ. “ಅದೊಂದೇ.”